ಮಗ ಹೈಸ್ಕೂಲ್ ರೆಸ್ಲಿಂಗ್ ಮಾಡ್ತಾನೆ, ಕಾಲೇಜ್ ಕೋಚ್‌ಗಳು ಲೋಕಲ್ ಹುಡುಗರನ್ನ ಹೇಗೆ ಆರಿಸ್ಕೋತಾರೆ? (ಜೆರ್ಸಿ, ಪೆನ್ಸಿಲ್ವೇನಿಯಾ ಕಡೆಯೋರು ದಯವಿಟ್ಟು ಹೇಳಿ)

ಎಡಿಸನ್ ಅಪ್ಪ

ನಮಸ್ಕಾರ ಎಲ್ರಿಗೂ. ನಾವಿರೋದು ಸೆಂಟ್ರಲ್ ಜೆರ್ಸಿ. ಮಗ ಈಗ ಸೋಫೋಮೋರ್ (ಹತ್ತನೇ ಕ್ಲಾಸ್), 138 ಪೌಂಡಲ್ಲಿ ರೆಸ್ಲಿಂಗ್ ಮಾಡ್ತಾನೆ. ನಮ್ಮ ವಂಶದಲ್ಲಿ ಯಾರೂ ಗರಡಿ ಬಾಗಿಲು ದಾಟಿದೋರಲ್ಲ, ಮಿಡಲ್ ಸ್ಕೂಲಲ್ಲಿ ಯಾರೋ ಫ್ರೆಂಡ್ ಜೊತೆ ಹೋದ, ಅಂಟ್ಕೊಂಡ್‌ಬಿಟ್ಟ. ಈ ಸೀಸನ್ ಡಿಸ್ಟ್ರಿಕ್ಟಲ್ಲಿ ಮೂರನೇ ಪ್ಲೇಸ್ ಬಂದು ರೀಜನ್‌ಗೆ ಹೋದ, ಅಲ್ಲಿ ಬೇಗ ಸೋತ. ಸ್ಟೇಟ್ ಟೂರ್ನಮೆಂಟ್ ನಡೆಯೋ ಅಟ್ಲಾಂಟಿಕ್ ಸಿಟಿ ತನಕ ಹೋಗ್ಲಿಲ್ಲ.

ಕಾಲೇಜಲ್ಲೂ ಆಡ್ಬೇಕು ಅಂತ ಹಠ ಹಿಡಿದಿದಾನೆ. ರಟ್ಗರ್ಸ್ ಯೂನಿವರ್ಸಿಟಿ ನಮ್ಮನೆ ಪಕ್ಕದಲ್ಲೇ ಇದೆ. ಈ ಕೋಚ್‌ಗಳು ಅಕ್ಕಪಕ್ಕದ ಹೈಸ್ಕೂಲಿಗೆ ತಾವಾಗೇ ಬಂದು ನೋಡ್ತಾರಾ, ಇಲ್ಲಾ ನಾವೇ ಹೋಗಿ ಕೇಳ್ಬೇಕಾ, ಹಾಗೆ ಕೇಳಿದ್ರೆ ತಪ್ಪಾಗತ್ತಾ, ಒಂದೂ ಗೊತ್ತಿಲ್ಲ. ಸ್ಕೂಲ್ ಕೋಚ್ ಕೇಳಿದ್ರೆ ಚೆನ್ನಾಗಿ ಮಾಡ್ತಿದಾನೆ ಅಂತಾರೆ, ಅದಕ್ಕಿಂತ ಒಂದು ಮಾತು ಮುಂದೆ ಹೋಗಲ್ಲ. ಇದರ ಮಧ್ಯೆ ಒಬ್ಬ ರಿಕ್ರೂಟಿಂಗ್ ಸರ್ವೀಸಿನವನು ದಿನಾ ಫೋನ್ ಮಾಡಿ ಪ್ರೊಫೈಲ್ ಮಾಡ್ಕೊಡ್ತೀನಿ, ನೂರಾರು ಕಾಲೇಜಿಗೆ ಕಳಿಸ್ತೀನಿ ಅಂತ ಸಾವಿರಾರು ಡಾಲರ್ ಪ್ಯಾಕೇಜ್ ಹೇಳ್ತಿದಾನೆ. ಕೊಡ್ಲಾ?

ಲೀಹೈ ಕಣಿವೆ

ಒಂದು ಪೈಸೆ ಕೊಡ್ಬೇಡಿ ಸಾರ್. ರೆಸ್ಲಿಂಗಲ್ಲಿ ಮುಚ್ಚಿಡೋಕೆ ಏನೂ ಇಲ್ಲ, ನಿಮ್ಮ ಮಗ ಯಾರ ಹತ್ರ ಎಷ್ಟರಲ್ಲಿ ಸೋತ, ಯಾರನ್ನ ಪಿನ್ ಮಾಡಿದ (ಬೆನ್ನು ಮ್ಯಾಟಿಗೆ ಒತ್ತಿ ಚಿತ್ ಮಾಡಿದ), ಎಲ್ಲಾ ಟ್ರ್ಯಾಕ್‌ರೆಸ್ಲಿಂಗಲ್ಲೋ ಫ್ಲೋದಲ್ಲೋ (ಎರಡೂ ರಿಸಲ್ಟ್ ಹಾಕೋ ವೆಬ್ಸೈಟ್) ಬಿದ್ದಿರತ್ತೆ, ಕೋಚ್‌ಗಳು ಬೆಳಿಗ್ಗೆ ಕಾಫಿ ಕುಡೀತಾ ಅದನ್ನೇ ನೋಡೋದು. ಆ ಸರ್ವೀಸಿನವನು ಮಾಡೋದು ಸಾಮೂಹಿಕ ಇಮೇಲ್. ಅದು ಬಂದ ತಕ್ಷಣ ಡಿಲೀಟ್ ಆಗತ್ತೆ.

ನಾನಿರೋದು ಬೆತ್ಲೆಹೆಮ್ ಹತ್ರ, ಇಲ್ಲಿ ರೆಸ್ಲಿಂಗ್ ಅಂದ್ರೆ ಊರಹಬ್ಬ. ನಜರೆತ್, ಈಸ್ಟನ್, ನಾರ್ತಾಂಪ್ಟನ್ ಹೈಸ್ಕೂಲ್‌ಗಳ ಮ್ಯಾಚಿಗೆ ಜಿಮ್ ತುಂಬಿ ನಿಲ್ಲೋಕೆ ಜಾಗ ಇರಲ್ಲ. ನನ್ನ ದೊಡ್ಡ ಮಗ ಡಿವಿಷನ್ ಥ್ರೀ (ಕಾಲೇಜ್ ಆಟದ ಮೂರನೇ ಮಟ್ಟ) ಕಾಲೇಜಲ್ಲಿ ನಾಲ್ಕು ವರ್ಷ ಆಡಿ ಮುಗಿಸ್ದ, ನಾನು ಮಕ್ಕಳ ಕ್ಲಬ್ಬಲ್ಲಿ ಸ್ಕೋರ್ ಟೇಬಲ್ ಕೆಲಸ ಮಾಡ್ತೀನಿ, ಹಾಗಾಗಿ ಕಂಡಿದ್ದನ್ನ ಹೇಳ್ತೀನಿ.

ಮೊದಲು ಒಂದು ಅರ್ಥ ಮಾಡ್ಕೊಳಿ. ಕೋಚ್ ಒಳ್ಳೇ ಹುಡುಗನ್ನ ಹುಡುಕಲ್ಲ, ವೇಟ್ ಹುಡುಕ್ತಾನೆ. ಕಾಲೇಜಲ್ಲಿ ಹತ್ತೇ ತೂಕ: 125, 133, 141, 149, 157, 165, 174, 184, 197, 285. ಒಂದು ತೂಕಕ್ಕೆ ಒಬ್ಬನೇ ಮ್ಯಾಟಿಗೆ ಇಳಿಯೋದು. 149ರಲ್ಲಿ ಅವರ ಹತ್ರ ಈಗಾಗ್ಲೇ ಸೆಕೆಂಡ್ ಇಯರ್ ಹುಡುಗ ನ್ಯಾಷನಲ್ಸಲ್ಲಿ ಆಡ್ತಿದ್ರೆ ಮುಂದಿನ ಎರಡು ಮೂರು ವರ್ಷ ಅಲ್ಲಿ ಇನ್ನೊಬ್ಬನಿಗೆ ದುಡ್ಡು ಹಾಕಲ್ಲ, ನಿಮ್ಮ ಮಗ ಎಷ್ಟೇ ಚೆನ್ನಾಗಿರ್ಲಿ. ಅದೇ 165, 174 ಖಾಲಿ ಆಗೋದಿದ್ರೆ ಆ ಸೈಜಿಗೆ ಬೆಳೆಯೋ ಹುಡುಗರನ್ನ ಎರಡು ವರ್ಷ ಮುಂಚೆನೇ ಕಣ್ಣಿಟ್ಟಿರ್ತಾರೆ. ಹಾಗಾಗಿ ಮನೇಲಿ ಕೂತು ಆ ಕಾಲೇಜಿನ ರೋಸ್ಟರ್ ತೆಗೀರಿ, ಯಾವ ತೂಕದಲ್ಲಿ ಯಾರು, ಯಾವ ಇಯರ್ ಅಂತ ಬರ್ಕೊಳಿ. ಮಗ ಈಗ 138 ಅಂದ್ರೆ ಕಾಲೇಜಿಗೆ ಹೋಗೋ ಹೊತ್ತಿಗೆ 149, 157 ಆಗಬಹುದು. ಅಪ್ಪ ಅಮ್ಮನ ಎತ್ತರ, ಅಣ್ಣ ಇದ್ರೆ ಅವನ ಎತ್ತರ, ಕೋಚ್‌ಗಳು ಇದನ್ನೂ ಕೇಳ್ತಾರೆ, ಆಶ್ಚರ್ಯ ಪಡ್ಬೇಡಿ.

ಎರಡನೇದು, ಲೋಕಲ್ ಹುಡುಗರನ್ನ ಸ್ಟೇಟ್ ಫೈನಲಲ್ಲಿ ಕೂತು ಆರಿಸೋದಲ್ಲ. ಆ ಹೊತ್ತಿಗೆ ಎಲ್ಲಾ ಮುಗಿದಿರತ್ತೆ. ನಿಜವಾದ ಆಯ್ಕೆ ಆಗೋದು ವಾರದ ದಿನ ಸಂಜೆ, ಸ್ಕೂಲಿನ ಹೊರಗೆ ಹುಡುಗರು ಪ್ರಾಕ್ಟೀಸ್ ಮಾಡೋ ಕ್ಲಬ್ ರೂಮಲ್ಲಿ.

ಹಾಕೈ ಸೀಡರ್ ರಾಪಿಡ್ಸ್

ಕ್ಲಬ್ ವಿಷಯ ನೂರಕ್ಕೆ ನೂರು. ನಾವಿರೋದು ಅಯೋವಾ, ಜನಸಂಖ್ಯೆ 32 ಲಕ್ಷದ ಆಸುಪಾಸು, ಅಷ್ಟಕ್ಕೇ ಮೂರು ಡಿವಿಷನ್ ಒನ್ (ಎಲ್ಲಕ್ಕಿಂತ ಮೇಲಿನ ಮಟ್ಟ) ಟೀಮು: ಅಯೋವಾ ಸಿಟಿಲಿ ಅಯೋವಾ, ಏಮ್ಸಲ್ಲಿ ಅಯೋವಾ ಸ್ಟೇಟ್, ಸೀಡರ್ ಫಾಲ್ಸಲ್ಲಿ ನಾರ್ದರ್ನ್ ಅಯೋವಾ. ಡ್ಯಾನ್ ಗೇಬಲ್ ವಾಟರ್‌ಲೂ ಹುಡುಗ, ಆಡಿದ್ದು ಅಯೋವಾ ಸ್ಟೇಟಿಗೆ, 1972ರ ಮ್ಯೂನಿಕ್ ಒಲಿಂಪಿಕ್ಸಲ್ಲಿ ಒಂದು ಪಾಯಿಂಟೂ ಬಿಟ್ಕೊಡದೆ ಚಿನ್ನ ಗೆದ್ದ, ಆಮೇಲೆ ಅಯೋವಾ ಕೋಚ್ ಆಗಿ 15 ಎನ್‌ಸಿಎಎ (ಅಮೆರಿಕದ ಕಾಲೇಜ್ ಆಟ ನಡೆಸೋ ಸಂಸ್ಥೆ) ಟೈಟಲ್ ತಂದ. ಇಲ್ಲಿ ಗ್ಯಾಸ್ ಸ್ಟೇಷನ್‌ನೋನಿಗೂ ಈ ಕತೆ ಬಾಯಿಪಾಠ.

ಆದ್ರೆ ಲೋಕಲ್ ಲೋಕಲ್ ಅಂತ ಜಾಸ್ತಿ ನಂಬ್ಕೋಬೇಡಿ. ಅಯೋವಾಗೆ ಮೂರು ಸಲ ಚಾಂಪಿಯನ್ ಆದ ಸ್ಪೆನ್ಸರ್ ಲೀ ಪಿಟ್ಸ್‌ಬರ್ಗ್ ಹತ್ರದ ಫ್ರಾಂಕ್ಲಿನ್ ರೀಜನಲ್ ಹೈಸ್ಕೂಲಿನೋನು. ಅದೇ ಹೈಸ್ಕೂಲಿಂದ ಮೈಕಲ್ ಕೆಮರರ್ ಕೂಡ ಅಯೋವಾಗೆ ಬಂದ. ಅದೇ ರಾಜ್ಯದ ಪೆನ್ ಸ್ಟೇಟ್ ಯೂನಿವರ್ಸಿಟಿನ ಪಕ್ಕದಲ್ಲಿ ಇಟ್ಕೊಂಡು ಯಾಕೆ ಇಷ್ಟು ದೂರ ಬಂದ್ರು? ಆ ಕಡೆ ಯಂಗ್ ಗನ್ಸ್ ಅಂತ ಕ್ಲಬ್ ಇದೆ, ಅದನ್ನ ನಡೆಸೋರಲ್ಲಿ ಒಬ್ರಾದ ಜೋಡಿ ಸ್ಟ್ರಿಟ್‌ಮ್ಯಾಟರ್ ಅಯೋವಾಗೆ ಆಡಿ ಆಲ್ ಅಮೆರಿಕನ್ (ನ್ಯಾಷನಲ್ಸಲ್ಲಿ ಮೊದಲ ಎಂಟರೊಳಗೆ) ಆದೋರು. ಕ್ಲಬ್ ಕೋಚ್ ಮನಸ್ಸು ಎಲ್ಲಿದ್ಯೋ ಹುಡುಗನ ಮನಸ್ಸೂ ಆ ಕಡೆ ವಾಲತ್ತೆ. ಹಾಗಾಗಿ ನಿಮ್ಮ ಮಗನ ಕ್ಲಬ್ ಕೋಚ್ ಯಾವ ಕಾಲೇಜಲ್ಲಿ ಆಡಿದಾರೆ ಅನ್ನೋದನ್ನ ಮೊದಲು ಕೇಳಿ ತಿಳ್ಕೊಳಿ.

ಲೀಹೈ ಕಣಿವೆ

ಒಪ್ದೆ, ಆದ್ರೆ ನೀವು ಹೇಳ್ತಿರೋದು ದೇಶಕ್ಕೇ ನಂಬರ್ ಒನ್ ಹುಡುಗರ ಮಾತು. ಅವರನ್ನ ಯಾರು ಬೇಕಾದ್ರೂ ಎಲ್ಲಿಂದ ಬೇಕಾದ್ರೂ ಎತ್ಕೊಂಡು ಹೋಗ್ತಾರೆ. ಪೆನ್ ಸ್ಟೇಟನ್ನೇ ನೋಡಿ. ಕೇಲ್ ಸ್ಯಾಂಡರ್ಸನ್ 2009ರಲ್ಲಿ ಅಯೋವಾ ಸ್ಟೇಟ್ ಬಿಟ್ಟು ಇಲ್ಲಿಗೆ ಬಂದ, 2011ರಿಂದ 2025ರ ಒಳಗೆ 12 ಟೀಮ್ ಟೈಟಲ್. ಅದರ ಬೆನ್ನುಮೂಳೆ ಪೆನ್ಸಿಲ್ವೇನಿಯಾ ಹುಡುಗರೇ: ಬೆಂಟನ್ ಅನ್ನೋ ಪುಟ್ಟ ಊರಿಂದ ಝೇನ್ ರೆದರ್‌ಫರ್ಡ್, ಕಿಟ್ಟಾನಿಂಗಿಂದ ಜೇಸನ್ ನಾಲ್ಫ್, ಈರಿಯಿಂದ ಐದು ಸಲ ಚಾಂಪಿಯನ್ ಆದ ಕಾರ್ಟರ್ ಸ್ಟಾರೋಚಿ. ಆದ್ರೂ ಬೋ ನಿಕಲ್ ಟೆಕ್ಸಾಸಿಂದ, ಮಾರ್ಕ್ ಹಾಲ್ ಮಿನೆಸೋಟದಿಂದ, ಆರನ್ ಬ್ರೂಕ್ಸ್ ಮೇರಿಲ್ಯಾಂಡಿಂದ ಬಂದ್ರು. ಅಡಿಪಾಯ ಊರಿನದು, ಮೇಲಿನ ಅಂತಸ್ತು ಎಲ್ಲಿ ಸಿಕ್ತೋ ಅಲ್ಲಿಂದ.

ಎಡಿಸನ್ ಅಪ್ಪನವರ ಮಗ ಆ ಸಾಲಲ್ಲಿಲ್ಲ, ನೇರ ಹೇಳ್ತಿದೀನಿ ಬೇಜಾರಾಗ್ಬೇಡಿ. ಅವನ ತರದ ಹುಡುಗರಿಗೆ ಪಕ್ಕದ ಕಾಲೇಜೇ ಗತಿ, ಪಕ್ಕದ ಕಾಲೇಜಿಗೂ ಅವನ ತರದವರೇ ಬೇಕು.

ರಟ್ಗರ್ಸ್ ಇದಕ್ಕೆ ಒಳ್ಳೇ ಉದಾಹರಣೆ. ಸ್ಕಾಟ್ ಗುಡೇಲ್ 2007ರಲ್ಲಿ ಕೋಚ್ ಆದ್ರಲ್ಲ, ಅದಕ್ಕೆ ಮುಂಚೆ ಜ್ಯಾಕ್ಸನ್ ಮೆಮೋರಿಯಲ್ ಹೈಸ್ಕೂಲ್ ಕೋಚ್ ಆಗಿದ್ರು, ಅಂದ್ರೆ ಜೆರ್ಸಿ ಹೈಸ್ಕೂಲ್ ಕೋಚ್‌ಗಳೆಲ್ಲ ಅವರ ಪರಿಚಯದೋರೇ, ನಿನ್ನೆ ಮೊನ್ನೆ ತನಕ ಎದುರಾಳಿಗಳು. ಜೆರ್ಸಿ ಹುಡುಗರು ಜೆರ್ಸಿಯಲ್ಲೇ ಉಳೀಲಿ ಅಂತ ಪಟ್ಟು ಹಿಡಿದು ಕಟ್ಟಿದ ಟೀಮು ಅದು. ಸೌತ್ ಪ್ಲೇನ್‌ಫೀಲ್ಡಿನ ಆಂಥನಿ ಆಶ್ನಾಲ್ಟ್, ನಾಲ್ಕು ಸಲ ಸ್ಟೇಟ್ ಚಾಂಪಿಯನ್, ಪಕ್ಕದ ಊರಲ್ಲೇ ಉಳಿದ. ಬರ್ಗನ್ ಕ್ಯಾಥಲಿಕ್‌ನ ನಿಕ್ ಸುರಿಯಾನೊ ಪೆನ್ ಸ್ಟೇಟಿಗೆ ಹೋಗಿ ಒಂದು ವರ್ಷ ಆಡಿ ವಾಪಸ್ ಬಂದ. 2019ರಲ್ಲಿ ಇಬ್ರೂ ಒಂದೇ ರಾತ್ರಿ ಚಾಂಪಿಯನ್ ಆದ್ರು, ರಟ್ಗರ್ಸ್ ಇತಿಹಾಸದಲ್ಲಿ ಮೊದಲನೇ ಎರಡು ಟೈಟಲ್. ನಾರ್ತ್‌ವೆಸ್ಟರ್ನಿಗೆ ಹೋಗಿದ್ದ ಸೆಬಾಸ್ಟಿಯನ್ ರಿವೆರಾ ಕೂಡ ಕೊನೆಗೆ ಊರಿಗೇ ಬಂದ. ಹೈಸ್ಕೂಲಲ್ಲಿದ್ದಾಗ ಕಟ್ಟಿದ ಸಂಬಂಧ ಕೆಡಿಸ್ಕೊಳ್ದೆ ಇಟ್ಕೊಂಡಿದ್ರೆ ಹೀಗೆ ಆಮೇಲಾದ್ರೂ ಫಲ ಕೊಡತ್ತೆ, ಅದಕ್ಕೇ ಬೇಡ ಅಂದೋನ ಮೇಲೂ ಕೋಚ್‌ಗಳು ಸಿಟ್ಟು ಮಾಡ್ಕೊಳಲ್ಲ.

ಬೆಣ್ಣೆದೋಸೆ ಪೈಲ್ವಾನ

ದಾವಣಗೆರಿಯಿಂದ ನಮಸ್ಕಾರ್ರೀ. ನಡುವ ಬಾಯಿ ಹಾಕಾಕತ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ನಾನೂ ಸಣ್ಣಾಂವ ಇದ್ದಾಗ ನಾಕು ವರ್ಷ ಮಟ್ಟಿ ಮೈಗೆ ಹಚ್ಕೊಂಡಾಂವ. ನಮ್ಮಲ್ಲಿ ಹೆಂಗಂದ್ರ, ಹುಡುಗ ಚಲೋ ಅದಾನ ಅಂತ ಉಸ್ತಾದ್ರ ಕಣ್ಣಿಗೆ ಬಿದ್ರ ಸ್ಪೋರ್ಟ್ಸ್ ಹಾಸ್ಟೆಲ್ ಸೆಲೆಕ್ಷನ್ನಿಗೆ ಕರ್ಕೊಂಡ್ ಹೋಗ್ತಾರ, ಹಾಸ್ಟೆಲ್ಲಿಗೆ ಸೇರಿದ ಮ್ಯಾಲ ಊಟ ವಸತಿ ಸರಕಾರದ್ದು, ಮುಂದ ರೈಲ್ವೇ, ಆರ್ಮಿ, ಪೊಲೀಸ್ ಕೋಟಾದಾಗ ನೌಕರಿ ಸಿಕ್ರ ಜನ್ಮ ಪಾವನ. 2020ರ ಏಷ್ಯನ್ ಚಾಂಪಿಯನ್‌ಶಿಪ್ಪಿನಾಗ ಗ್ರೀಕೋ ರೋಮನ್ 55 ಕೇಜಿಗೆ ಕಂಚು ತಂದ ನಮ್ಮ ಅರ್ಜುನ್ ಹಲಕುರ್ಕಿ ಹೆಸರು ಕೇಳಿರಬೇಕು ನೀವು. ಕಾಲೇಜು ಅನ್ನೂದು ನಮ್ಮ ಕುಸ್ತಿಯೊಳಗ ಲೆಕ್ಕಕ್ಕ ಇಲ್ಲ, ಹಾಜರಿಗೆ ಅಷ್ಟ.

ನನ್ನ ಪ್ರಶ್ನೆ, ಆ ಕ್ಲಬ್ ರೂಮಿನಾಗ ಕಾಲೇಜ್ ಕೋಚ್ ಬಂದು ಏನ್ ನೋಡ್ತಾರ್ರೀ? ಪಟ್ಟು ನೋಡ್ತಾರೋ, ದಮ್ಮು ನೋಡ್ತಾರೋ?

ಲೀಹೈ ಕಣಿವೆ

ಒಳ್ಳೇ ಪ್ರಶ್ನೆ ಕೇಳಿದ್ರಿ ಪೈಲ್ವಾನ್ರೇ.

ಒಂದು ಸಂಜೆ ನಾನು ಕಂಡಿದ್ದು ಹೇಳ್ತೀನಿ. ಒಂದು ಕಾಲೇಜಿನ ಅಸಿಸ್ಟೆಂಟ್ ಕೋಚ್ ನಮ್ಮ ಕ್ಲಬ್ಬಿಗೆ ಬಂದಿದ್ದ, ಎಲ್ರಿಗೂ ಗೊತ್ತು ಯಾರನ್ನ ನೋಡೋಕೆ ಬಂದಿದಾನೆ ಅಂತ, ಆ ಹುಡುಗ ಅವತ್ತು ಅಟ್ಯಾಕ್ ಮೇಲೆ ಅಟ್ಯಾಕ್ ಮಾಡಿ ಮೆರೀತಿದಾನೆ. ಕೋಚ್ ಗೋಡೆಗೆ ಒರಗಿ ಸುಮ್ನೆ ನಿಂತಿದ್ದ. ಪ್ರಾಕ್ಟೀಸ್ ಮುಕ್ಕಾಲು ಮುಗಿದ ಮೇಲೆ ಎಲ್ರೂ ಸುಸ್ತಾಗಿದ್ದಾಗ ಕೆಳಗೆ ಮಂಡಿ ಊರಿ ಶುರು ಮಾಡೋ ಡ್ರಿಲ್ ಕೊಟ್ರು, ಮೇಲಿನೋನು ಒತ್ತಿ ಹಿಡೀಬೇಕು, ಕೆಳಗಿನೋನು ತಪ್ಪಿಸ್ಕೊಂಡು ಏಳ್ಬೇಕು. ಆಗ ಅಸಿಸ್ಟೆಂಟ್ ಗೋಡೆ ಬಿಟ್ಟು ಮ್ಯಾಟ್ ಅಂಚಿಗೆ ಬಂದು ಕುಕ್ಕರಗಾಲಲ್ಲಿ ಕೂತ. ಸ್ಟಾರ್ ಹುಡುಗ ಮೂರು ಸಲ ಕೆಳಗೇ ಉಳಿದ. ಪಕ್ಕದಲ್ಲಿ ಇನ್ನೊಬ್ಬ, ಅಷ್ಟೇನೂ ಹೆಸರಿಲ್ಲದ ಹುಡುಗ, ಪ್ರತೀ ಸಲ ಸೊಂಟ ಎತ್ತಿ ಕೈ ಬಿಡಿಸ್ಕೊಂಡು ಎದ್ದು ನಿಂತ. ಹೋಗ್ವಾಗ ಅಸಿಸ್ಟೆಂಟ್ ನಮ್ಮ ಕೋಚ್ ಹತ್ರ ಕೇಳಿದ್ದು ಈ ಎರಡನೆಯವನ ಹೆಸರು.

ಯಾಕಂದ್ರೆ ಅಮೆರಿಕದ ಕಾಲೇಜ್ ಕುಸ್ತಿ ಒಲಿಂಪಿಕ್ ಫ್ರೀಸ್ಟೈಲ್ ಅಲ್ಲ, ಫೋಕ್‌ಸ್ಟೈಲ್. ಇಲ್ಲಿ ಎದುರಾಳಿನ ಕೆಳಗೆ ಒತ್ತಿ ಹಿಡಿದಷ್ಟು ಹೊತ್ತು ಗಡಿಯಾರ ಓಡತ್ತೆ, ಒಬ್ಬನಿಗಿಂತ ಇನ್ನೊಬ್ಬ ಒಂದು ನಿಮಿಷ ಜಾಸ್ತಿ ಹಿಡಿದಿದ್ರೆ ಅದಕ್ಕೇ ಒಂದು ಪಾಯಿಂಟು. ಟೇಕ್‌ಡೌನಿಗೆ (ನಿಂತೋನನ್ನ ಕೆಳಗೆ ಕೆಡವಿ ಹಿಡಿಯೋದಕ್ಕೆ) ಕಾಲೇಜಲ್ಲಿ 2023-24ರಿಂದ ಮೂರು ಪಾಯಿಂಟ್ ಮಾಡಿದಾರೆ. ಹೈಸ್ಕೂಲಲ್ಲಿ ಬರೀ ನಿಂತು ಆಡೋದ್ರಲ್ಲೇ ಗೆಲ್ಲೋ ಹುಡುಗ, ಕಾಲೇಜಲ್ಲಿ ಇಪ್ಪತ್ತೆರಡು ವರ್ಷದ ಗಂಡಸು ಮೇಲೆ ಕೂತಾಗ ಏಳೋಕೇ ಆಗ್ದೆ ಪೂರ್ತಿ ಒಂದು ಪೀರಿಯಡ್ ಕಳೀತಾನೆ. ಹಾಗಾಗಿ ದಮ್ಮೂ ನೋಡ್ತಾರೆ, ಕೆಳಗಿಂದ ಏಳೋ ಹಟಾನೂ ನೋಡ್ತಾರೆ. ಪಟ್ಟು ನಾವು ಕಲಿಸ್ಕೋತೀವಿ ಅನ್ನೋ ಧೈರ್ಯ ಅವರಿಗಿದೆ.

ಬೆಣ್ಣೆದೋಸೆ ಪೈಲ್ವಾನ

ಇದು ಖರೇ ಮಾತು. ನಮ್ಮ ಉಸ್ತಾದ್ರೂ ಹಂಗ, ಹೊಸಾ ಹುಡುಗನ್ನ ಮೊದಲು ಕೆಳಗ ಹಾಕಿ ಮ್ಯಾಲ ದೊಡ್ಡಾಂವನ್ನ ಕುಂದ್ರಿಸ್ತಿದ್ರು. ಅತ್ತ ಹುಡುಗ ಮರುದಿನ ಬರ್ತಾನೋ ಇಲ್ಲೋ ಅದನ್ನಷ್ಟ ನೋಡೂದು.

ಕ್ವೈಟ್ ರೀಡರ್ ಬೆಂಗಳೂರು

ಇಷ್ಟೆಲ್ಲಾ ಯಾಕೆ ಸ್ವಾಮಿ, ಅಮೆರಿಕಕ್ಕೆ ಹೋಗಿ ಮಗನ್ನ ಕುಸ್ತಿಗೆ ಬಿಡ್ತಾರಾ? ಎಸ್‌ಎಟಿ ಓದ್ಸಿ, ಕಂಪ್ಯೂಟರ್ ಸೈನ್ಸ್ ಸೇರ್ಸಿ. ಮ್ಯಾಟಿಗೆ ಉಜ್ಜಿ ಉಜ್ಜಿ ಕಿವಿ ಹೂಕೋಸಿನ ತರ ಆದ್ಮೇಲೆ ಹೆಣ್ಣು ಯಾರು ಕೊಡ್ತಾರೆ.

ಲೀಹೈ ಕಣಿವೆ

ಓದಿಸೋದೇ ಇಲ್ಲಿ ತುರುಪಿನ ಎಲೆ ಸಾರ್, ನೀವು ತಮಾಷೆಗೆ ಹೇಳಿದ್ರೂ.

ದುಡ್ಡಿನ ಲೆಕ್ಕ ಕೇಳಿ. ಮೊನ್ನೆ ಮೊನ್ನೆ ತನಕ ಒಂದು ಡಿವಿಷನ್ ಒನ್ ಟೀಮಿಗೆ ರೆಸ್ಲಿಂಗಲ್ಲಿ ಗರಿಷ್ಠ 9.9 ಸ್ಕಾಲರ್‌ಶಿಪ್. ಹತ್ತು ತೂಕ, ಹುಡುಗರು ಮೂವತ್ತಕ್ಕೂ ಮೇಲೆ, ಸ್ಕಾಲರ್‌ಶಿಪ್ ಹತ್ತೂ ಪೂರ್ತಿ ಇಲ್ಲ, ಅದನ್ನೂ ಎಷ್ಟೋ ಕಾಲೇಜು ಪೂರ್ತಿ ತುಂಬ್ತಿರ್ಲಿಲ್ಲ. ಹಾಗಾಗಿ ಅದನ್ನ ತುಂಡು ತುಂಡು ಮಾಡಿ ಹಂಚೋದು, ಒಬ್ಬನಿಗೆ ಮುಕ್ಕಾಲು, ಒಬ್ಬನಿಗೆ ಕಾಲು, ಒಬ್ಬನಿಗೆ ಬರೀ ಪುಸ್ತಕದ ಖರ್ಚು, ಮಿಕ್ಕೋರಿಗೆ ಟೀಮ್ ಬಟ್ಟೆ. ಫುಲ್ ರೈಡ್ (ಪೂರ್ತಿ ಖರ್ಚಿನ ಸ್ಕಾಲರ್‌ಶಿಪ್) ಅನ್ನೋದು ಫುಟ್ಬಾಲ್ ನೋಡಿ ಬಂದ ಕನಸು. ಈಗ ಬರೋದು ಲೋಕಲ್ ಹುಡುಗನ ಅನುಕೂಲ: ಅದೇ ರಾಜ್ಯದ ಸ್ಟೇಟ್ ಯೂನಿವರ್ಸಿಟಿ ಆದ್ರೆ ಇನ್‌ಸ್ಟೇಟ್ ಫೀಸು ಮೊದಲೇ ಕಮ್ಮಿ, ಮಾರ್ಕ್ಸ್ ಚೆನ್ನಾಗಿದ್ರೆ ಮೆರಿಟ್ ಏಡ್ ಬೇರೆ ಕಡೆಯಿಂದ ಬರತ್ತೆ, ಕೋಚ್ ತನ್ನ ಜೇಬಿಂದ ಸ್ವಲ್ಪ ಹಾಕಿದ್ರೂ ಸಾಕು. ಒಂದೇ ಮಟ್ಟದ ಇಬ್ರು ಹುಡುಗರಿದ್ದು ಒಬ್ಬನ ಜಿಪಿಎ (4ಕ್ಕೆ ಮಾರ್ಕ್ಸ್ ಸರಾಸರಿ) 3.8, ಇನ್ನೊಬ್ಬನದು 2.5 ಅಂದ್ರೆ ಯಾರನ್ನ ತಗೋತಾರೆ ನೀವೇ ಹೇಳಿ. ಡಿವಿಷನ್ ಒನ್ ಎಲಿಜಿಬಿಲಿಟಿಗೆ 16 ಕೋರ್ ಕೋರ್ಸು (ಇಂಗ್ಲಿಷ್, ಗಣಿತ, ವಿಜ್ಞಾನದಂಥ ಮುಖ್ಯ ವಿಷಯ), ಕನಿಷ್ಠ 2.3 ಜಿಪಿಎ ಸಾಕು, ಎಸ್‌ಎಟಿ 2023ರಿಂದ ಎನ್‌ಸಿಎಎ ಕೇಳೋದು ಬಿಟ್ಟಿದೆ. ಆದ್ರೆ ಅದು ಬಾಗಿಲೊಳಗೆ ಬಿಡೋಕೆ ಮಾತ್ರ.

ಇನ್ನು ಪ್ರಿನ್ಸ್‌ಟನ್ ನೋಡಿ, ನಿಮ್ಮ ರಾಜ್ಯದ್ದೇ. ಐವಿ ಲೀಗಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ಪೇ ಇಲ್ಲ, ಮನೆ ಆದಾಯ ನೋಡಿ ಏಡ್ ಕೊಡ್ತಾರೆ ಅಷ್ಟೇ. ಆದ್ರೂ ಕೋಚ್ ಒಂದು ಮಾತು ಹೇಳಿದ್ರೆ ಅಡ್ಮಿಷನ್ ಆಫೀಸಲ್ಲಿ ತೂಕ ಇದೆ. ಜೆರ್ಸಿಯ ಡೆಲ್‌ಬಾರ್ಟನ್ ಸ್ಕೂಲಲ್ಲಿ ಓದಿದ ಪ್ಯಾಟ್ ಗ್ಲೋರಿ 2023ರಲ್ಲಿ 125 ಪೌಂಡಲ್ಲಿ ಗೆದ್ದ, 1951ರ ನಂತರ ಪ್ರಿನ್ಸ್‌ಟನ್‌ಗೆ ಮೊದಲ ಚಾಂಪಿಯನ್. ಕಿವಿ ಏನಾಗಿದ್ಯೋ ಗೊತ್ತಿಲ್ಲ, ಹೆಣ್ಣಿಗೆ ಕೊರತೆ ಆಗಲ್ಲ ಬಿಡಿ.

ಕ್ವೈಟ್ ರೀಡರ್ ಬೆಂಗಳೂರು

ಪ್ರಿನ್ಸ್‌ಟನ್ ಅಂದ್ರಾ. ಹಾಗಾದ್ರೆ ಹೂಕೋಸು ಪರವಾಗಿಲ್ಲ.

ಮ್ಯಾಟ್ ಅಮ್ಮ

ಹುಡುಗೀರ ಅಮ್ಮಂದಿರು ಯಾರಾದ್ರೂ ಇದೀರಾ ಇಲ್ಲಿ? ನನ್ನ ಮಗಳು ಜೂನಿಯರ್ (ಹನ್ನೊಂದನೇ ಕ್ಲಾಸ್), ಜೆರ್ಸಿಯಲ್ಲೇ. ಇಲ್ಲಿ ಹುಡುಗೀರಿಗೆ ಬೇರೆ ಸ್ಟೇಟ್ ಚಾಂಪಿಯನ್‌ಶಿಪ್ 2019ರಿಂದ ಇದೆ, ಅದಕ್ಕೂ ಮುಂಚೆ ಹುಡುಗರ ಜೊತೇಲೇ ಆಡ್ಬೇಕಿತ್ತು. ನಮ್ಮನೇಲಿ ಅಜ್ಜಿಗೆ ಹೇಳೋಕೇ ಒಂದು ವರ್ಷ ಬೇಕಾಯ್ತು, ಈಗ ಅವರೇ ಊರಿಂದ ವಾಟ್ಸಾಪಲ್ಲಿ ವಿಡಿಯೋ ಕೇಳ್ತಾರೆ, ಗೆದ್ಲಾ ಸೋತ್ಲಾ ಅಂತ.

ಹುಡುಗರಿಗಿಂತ ಹುಡುಗೀರ ರಿಕ್ರೂಟಿಂಗ್ ಈಗ ತುಂಬಾ ಬಿಸಿ ಇದೆ, ಯಾಕಂದ್ರೆ ಹೊಸ ಹೊಸ ಟೀಮ್ ಶುರು ಆಗ್ತಿದೆ, ಆಡೋಕೆ ತಯಾರಾದ ಹುಡುಗೀರು ಕಮ್ಮಿ. ಅಯೋವಾ ಯೂನಿವರ್ಸಿಟಿ 2021ರಲ್ಲಿ ಟೀಮ್ ಅನೌನ್ಸ್ ಮಾಡ್ತು, ಕ್ಲಾರಿಸ್ಸಾ ಚುನ್ ಕೋಚು, ದೊಡ್ಡ ಕಾನ್ಫರೆನ್ಸಿನ ಕಾಲೇಜುಗಳಲ್ಲಿ ಅದೇ ಮೊದಲು. ಎನ್‌ಸಿಎಎ 2025ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟು 2026ರಿಂದ ಹೆಣ್ಣುಮಕ್ಕಳಿಗೂ ಎನ್‌ಸಿಎಎ ಚಾಂಪಿಯನ್‌ಶಿಪ್. ಇನ್ನೊಂದು, ಹುಡುಗೀರು ಕಾಲೇಜಲ್ಲಿ ಆಡೋದು ಫೋಕ್‌ಸ್ಟೈಲ್ ಅಲ್ಲ, ಫ್ರೀಸ್ಟೈಲ್. ಹಾಗಾಗಿ ಹೈಸ್ಕೂಲ್ ಸೀಸನ್ ರಿಸಲ್ಟಿಗಿಂತ ಜುಲೈಲಿ ನಾರ್ತ್ ಡಕೋಟದ ಫಾರ್ಗೋದಲ್ಲಿ ನಡೆಯೋ ನ್ಯಾಷನಲ್ಸ್ ನೋಡ್ತಾರೆ. ಅಲ್ಲಿಗೆ ಹೋಗಿ ಬರೋ ಖರ್ಚು ಕೇಳ್ಬೇಡಿ, ಆದ್ರೆ ಒಂದೇ ಹಾಲಲ್ಲಿ ಅಷ್ಟೂ ಕಾಲೇಜಿನ ಕೋಚ್‌ಗಳು ಕುರ್ಚಿ ಹಾಕ್ಕೊಂಡು ಕೂತಿರ್ತಾರೆ.

ಒಂದು ಕಾಲೇಜ್ ಕೋಚ್ ಮಗಳಿಗೆ ವಾರಾವಾರ ಮೆಸೇಜ್ ಮಾಡಿ ನೀನೇ ಬೇಕು ಅಂದು, ಕ್ಯಾಂಪಸ್ ತೋರಿಸಿ, ಆಮೇಲೆ ಇನ್ನೊಬ್ಬಳು ಒಪ್ಕೊಂಡ ತಕ್ಷಣ ಮಾತೇ ನಿಲ್ಲಿಸ್ಬಿಟ್ರು. ಒಂದು ಸಾಲು ಬರೀಬಹುದಿತ್ತು. ಮಗಳು ಎರಡು ದಿನ ಊಟ ಸರಿಯಾಗಿ ಮಾಡ್ಲಿಲ್ಲ. ಬಾಯಿಮಾತಿನ ಆಫರ್ ಆಫರೇ ಅಲ್ಲ, ಕೈಗೆ ಲಿಖಿತದಲ್ಲಿ ಬರೋ ತನಕ ಬೇರೆ ಕಾಲೇಜುಗಳ ಜೊತೆ ಮಾತು ನಿಲ್ಲಿಸ್ಬೇಡಿ.

ಹಾಕೈ ಸೀಡರ್ ರಾಪಿಡ್ಸ್

ಅಮ್ಮ ಹೇಳಿದ್ದು ಸರಿ. ಹಿಂದೆ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಅಂತ, ಈ ಕಾಲೇಜಿಗೇ ಸೇರ್ತೀನಿ ಅಂತ ಸಹಿ ಹಾಕೋ ಪತ್ರ ಇತ್ತು, ಅದನ್ನೂ 2024ರ ಅಕ್ಟೋಬರಲ್ಲಿ ತೆಗೆದ್ರು, ಈಗ ಕಾಲೇಜಿನ ಏಡ್ ಅಗ್ರಿಮೆಂಟೇ ಕಾಗದ.

ಡೇಟ್ ಬಗ್ಗೆ ಯಾರೂ ಹೇಳ್ಲಿಲ್ಲ, ನಾನು ಹೇಳ್ಬಿಡ್ತೀನಿ. ಡಿವಿಷನ್ ಒನ್ ಕೋಚ್ ಹುಡುಗನ ಹತ್ರ ನೇರವಾಗಿ ಫೋನು ಮೆಸೇಜು ಮಾಡಬಹುದಾದ ಮೊದಲ ದಿನ ಸೋಫೋಮೋರ್ ವರ್ಷ ಮುಗಿದ ಮೇಲೆ ಜೂನ್ 15. ಅವತ್ತು ಮಧ್ಯರಾತ್ರಿ 12 ಹೊಡೆದ ತಕ್ಷಣ ಟಾಪ್ ಹುಡುಗರ ಫೋನ್ ಬೆಂಕಿ ಹತ್ಕೊಂಡಂಗೆ ಬಡ್ಕೊಳತ್ತೆ, ನಿಮ್ಮ ಮಗನ ಫೋನ್ ಬಡೀದಿದ್ರೆ ಗಾಬರಿ ಆಗ್ಬೇಡಿ. ಕ್ಯಾಂಪಸ್ ವಿಸಿಟ್ ಜೂನಿಯರ್ ವರ್ಷ ಶುರು ಆಗೋ ಆಗಸ್ಟ್ 1ರಿಂದ. ಅದಕ್ಕೆ ಮುಂಚೆ ಕೋಚ್ ಉತ್ತರ ಕೊಡ್ಲಿಲ್ಲ ಅಂದ್ರೆ ಇಷ್ಟ ಇಲ್ಲ ಅಂತಲ್ಲ, ರೂಲ್ಸ್ ಬಿಡಲ್ಲ. ಡಿವಿಷನ್ ಥ್ರೀ ಕೋಚ್‌ಗೆ ಈ ಕಟ್ಟುಪಾಡು ಇಲ್ಲ, ಯಾವಾಗ ಬರೆದ್ರೂ ಉತ್ತರ ಬರತ್ತೆ.

ಎಡಿಸನ್ ಅಪ್ಪ

ಅಬ್ಬಾ, ಇಷ್ಟು ಯಾರೂ ಹೇಳಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ರಟ್ಗರ್ಸಲ್ಲಿ ಬೇಸಿಗೆ ಕ್ಯಾಂಪ್ ಇದೆಯಂತೆ, ಕಳಿಸಿದ್ರೆ ಕಣ್ಣಿಗೆ ಬೀಳ್ತಾನಾ ಅಥವಾ ಅದೂ ದುಡ್ಡು ಮಾಡೋ ದಂಧೆನಾ? ಆರ್‌ಟಿಸಿ ಅಂತ ಇನ್ನೊಂದು ಹೆಸರು ಕೇಳ್ದೆ, ಅದೇನು?

ಲೀಹೈ ಕಣಿವೆ

ಎರಡೂ ಹೌದು. ಕ್ಯಾಂಪು ಕಾಲೇಜ್ ಕೋಚ್‌ಗಳಿಗೆ ಆದಾಯ, ಯಾರು ಬೇಕಾದ್ರೂ ಫೀಸ್ ಕಟ್ಟಿ ಸೇರಬಹುದು, ಇನ್ನೂರು ಹುಡುಗರಲ್ಲಿ ನಿಮ್ಮವನು ಒಬ್ಬ. ಆದ್ರೆ ಜೂನ್ 15ಕ್ಕೆ ಮುಂಚೆ ಕೋಚ್ ನಿಮ್ಮ ಮಗನ ಕೈ ಹಿಡಿದು ಪಟ್ಟು ತಿದ್ದಬಹುದಾದ ಜಾಗ ಅದೊಂದೇ, ರಿಕ್ರೂಟಿಂಗ್ ಮಾತು ಆಡಂಗಿಲ್ಲ ಅಷ್ಟೇ. ಪಕ್ಕದ ಮನೆ ಹುಡುಗನಿಗೆ ಲಾಭ ಏನಂದ್ರೆ ವರ್ಷಾವರ್ಷ ಹೋಗಬಹುದು. ಹೋದ ವರ್ಷ ಕೆಳಗಿಂದ ಏಳೋಕೆ ಬರ್ತಿರ್ಲಿಲ್ಲ, ಈ ವರ್ಷ ಏಳ್ತಿದಾನೆ ಅನ್ನೋದನ್ನ ಕೋಚ್ ಕಣ್ಣಾರೆ ನೋಡ್ತಾನೆ, ಓಹಾಯೋ ಹುಡುಗನ ವಿಷಯದಲ್ಲಿ ಅದು ಸಾಧ್ಯ ಇಲ್ಲ. ಸಾಧಾರಣ ಹುಡುಗನ್ನ ಕೋಚ್ ತಗೊಳ್ಳೋದೇ ಈ ಏರಿಕೆ ನೋಡಿ.

ಆರ್‌ಟಿಸಿ ಅಂದ್ರೆ ರೀಜನಲ್ ಟ್ರೈನಿಂಗ್ ಸೆಂಟರ್. ಕಾಲೇಜ್ ರೂಮಲ್ಲೇ ಒಲಿಂಪಿಕ್ ಮಟ್ಟದ ಸೀನಿಯರ್‌ಗಳು ಪ್ರಾಕ್ಟೀಸ್ ಮಾಡೋ ವ್ಯವಸ್ಥೆ, ಪೆನ್ ಸ್ಟೇಟಿಗೆ ನಿಟ್ಟನಿ ಲಯನ್ ರೆಸ್ಲಿಂಗ್ ಕ್ಲಬ್, ಅಯೋವಾಗೆ ಹಾಕೈ ರೆಸ್ಲಿಂಗ್ ಕ್ಲಬ್ ಹೀಗೆ. ಇಂತಿಷ್ಟು ಮೈಲಿ ಒಳಗಿರೋ ಆಯ್ದ ಹೈಸ್ಕೂಲ್ ಹುಡುಗರೂ ಅಲ್ಲಿ ಬಂದು ಆಡಬಹುದು. ಒಬ್ಬ ವಿಶ್ವ ಚಾಂಪಿಯನ್ ಕೈಲಿ ವಾರಕ್ಕೊಂದು ಸಲ ಒದೆ ತಿಂದ ಹುಡುಗ ಬೇರೆ ಕಾಲೇಜಿಗೆ ಹೋಗೋದು ಕಷ್ಟ, ಅದೇ ಅದರ ಗುಟ್ಟು. ಆದ್ರೆ ಅಲ್ಲಿಗೆ ನಿಮ್ಮ ಮಗನಿಗೆ ಈಗ್ಲೇ ಕರೆ ಬರಲ್ಲ.

ಈಗ ಕಹಿ ಸುದ್ದಿ. 2025ರ ಜೂನಲ್ಲಿ, ಆಟಗಾರರಿಗೆ ದುಡ್ಡು ಕೊಡೋ ಬಗ್ಗೆ ಎನ್‌ಸಿಎಎ ಮೇಲೆ ಹಾಕಿದ್ದ ಹೌಸ್ ಕೇಸ್ ಸೆಟ್ಲ್‌ಮೆಂಟಿಗೆ ಕೋರ್ಟ್ ಒಪ್ಪಿಗೆ ಕೊಡ್ತಲ್ಲ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ 9.9ರ ಮಿತಿ ಹೋಯ್ತು, ಬದಲಿಗೆ ಟೀಮಲ್ಲಿ 30 ಜನ ಅಷ್ಟೇ ಅನ್ನೋ ಮಿತಿ ಬಂತು. ದುಡ್ಡಿರೋ ಕಾಲೇಜು 30 ಜನಕ್ಕೂ ಪೂರ್ತಿ ಕೊಡಬಹುದು ಅಂತ ಎಲ್ರೂ ಕುಣಿದ್ರು. ಪೆಟ್ಟು ಬಿದ್ದಿದ್ದು ಯಾರಿಗೆ? ವಾಕ್‌ಆನ್ ಹುಡುಗರಿಗೆ. ಪಕ್ಕದ ಊರಿನ, ಸ್ಟೇಟ್ ಮೆಡಲ್ ಇಲ್ಲದ, ಸ್ವಂತ ದುಡ್ಡಲ್ಲಿ ಓದ್ತಾ ಎರಡು ವರ್ಷ ರೂಮಲ್ಲಿ ಒದೆ ತಿಂದು ಮೂರನೇ ವರ್ಷ ಸ್ಟಾರ್ಟರ್ ಆಗೋ ಹುಡುಗ ಇರ್ತಿದ್ದನಲ್ಲ, ದೊಡ್ಡ ಟೀಮುಗಳಲ್ಲಿ ಅವನ ಜಾಗ ಕಿತ್ಕೊಂಡ್ರು. ಅದರ ಮೇಲೆ ಟ್ರಾನ್ಸ್‌ಫರ್ ಪೋರ್ಟಲ್ (ಒಂದು ಕಾಲೇಜ್ ಬಿಟ್ಟು ಇನ್ನೊಂದಕ್ಕೆ ಹೋಗೋ ಆಟಗಾರರ ಪಟ್ಟಿ). ಹದಿನೆಂಟು ವರ್ಷದ ಲೋಕಲ್ ಹುಡುಗನ್ನ ಮೂರು ವರ್ಷ ಬೆಳೆಸೋ ಬದಲು ಬೆಳೆದು ನಿಂತೋನನ್ನೇ ತರಬಹುದಲ್ಲ. 2025ರ ಹೆವಿವೇಟ್ ಫೈನಲಲ್ಲಿ ಟೋಕಿಯೋ ಚಿನ್ನದ ಗೇಬಲ್ ಸ್ಟೀವ್‌ಸನ್‌ನ ಸೋಲಿಸಿದ ವಯಟ್ ಹೆಂಡ್ರಿಕ್ಸನ್ ಏರ್‌ಫೋರ್ಸ್ ಅಕಾಡೆಮಿಯಿಂದ ಒಕ್ಲಹೋಮ ಸ್ಟೇಟಿಗೆ ಬಂದೋನು. ಪೆನ್ ಸ್ಟೇಟಿನ ಮಿಚೆಲ್ ಮೆಸೆನ್‌ಬ್ರಿಂಕ್ ಕ್ಯಾಲಿಫೋರ್ನಿಯಾ ಬ್ಯಾಪ್ಟಿಸ್ಟಿಂದ ಬಂದೋನು. ಅವರನ್ನ ತಪ್ಪು ಅನ್ನಲ್ಲ, ಆದ್ರೆ ನನಗಂತೂ ಇದು ಸರಿ ಕಾಣಲ್ಲ, ಊರಿನ ಜನ ಟಿಕೆಟ್ ತಗೊಂಡು ಜಿಮ್ ತುಂಬಿಸೋದು ಊರಿನ ಹುಡುಗನಿಗೋಸ್ಕರ.

ಬೆಣ್ಣೆದೋಸೆ ಪೈಲ್ವಾನ

ಹಂಗಾದ್ರ ನಮ್ಮ ಇಂಡಿಯಾದ ಹುಡುಗರಿಗೆ ಅಲ್ಲಿ ದಾರಿ ಐತೇನ್ರೀ?

ಲೀಹೈ ಕಣಿವೆ

ಇಲ್ಲಿ ಬೆಳೆದೋರಿಗೆ ಖಂಡಿತ ಇದೆ. ಕೆನಡಾದ ಸರ್ರೆ ಊರಿನ ಅಮರ್ ಧೇಸಿ, ಅವರಪ್ಪ ಅಲ್ಲಿ ಖಾಲ್ಸಾ ರೆಸ್ಲಿಂಗ್ ಕ್ಲಬ್ ನಡೆಸೋರು, ಹುಡುಗ ಒರೆಗಾನ್ ಸ್ಟೇಟಿಗೆ ಆಡಿ ಆಲ್ ಅಮೆರಿಕನ್ ಆದ, ಟೋಕಿಯೋ ಒಲಿಂಪಿಕ್ಸಿಗೆ ಕೆನಡಾ ಪರವಾಗಿ ಹೋದ. ಪಂಜಾಬಿಗಳು ಅಖಾಡ ಜೊತೇಲೇ ಕಟ್ಕೊಂಡು ಬಂದ್ರು, ನಾವು ಸಂಘ ಕಟ್ಟಿ ಯುಗಾದಿ ನಾಟಕ ಆಡ್ತೀವಿ (ನಾನೂ ಆಡಿದೀನಿ). ದಾವಣಗೆರೆಯಿಂದ ನೇರ ಬರೋದು ಕಷ್ಟ, ಫೋಕ್‌ಸ್ಟೈಲ್ ಗೊತ್ತಿರಲ್ಲ, ಕೋರ್ ಕೋರ್ಸ್ ಲೆಕ್ಕ ಬೇರೆ.

ಮ್ಯಾಟ್ ಅಮ್ಮ

ಎಡಿಸನ್ ಅಪ್ಪ, ತೂಕದ ವಿಷಯ ಒಂದು ಹೇಳ್ಬೇಕು. ಕೋಚ್ ಕಣ್ಣಿಗೆ ಬೀಳ್ಲಿ ಅಂತ ಮಗನ್ನ ಉಪವಾಸ ಕೆಡವಿ ಕೆಳಗಿನ ತೂಕಕ್ಕೆ ಇಳಿಸ್ಬೇಡಿ. 1997ರಲ್ಲಿ ಒಂದೇ ಸೀಸನಲ್ಲಿ ಮೂರು ಕಾಲೇಜ್ ಹುಡುಗರು ತೂಕ ಇಳಿಸೋಕೆ ಹೋಗಿ ಸತ್ರು, ಆಮೇಲೆ ರೂಲ್ಸ್ ಬಿಗಿ ಆಯ್ತು. ಹೈಸ್ಕೂಲಲ್ಲಿ ಈಗ ಸೀಸನ್ ಮುಂಚೆ ಹೈಡ್ರೇಷನ್ ಟೆಸ್ಟ್, ಹುಡುಗರ ಬಾಡಿ ಫ್ಯಾಟ್ 7 ಪರ್ಸೆಂಟಿಗಿಂತ ಕೆಳಗೆ, ಹುಡುಗೀರದ್ದು 12ಕ್ಕಿಂತ ಕೆಳಗೆ ಇಳಿಸೋ ತೂಕಕ್ಕೆ ಬಿಡಲ್ಲ, ವಾರಕ್ಕೆ ಒಂದೂವರೆ ಪರ್ಸೆಂಟಿಗಿಂತ ಜಾಸ್ತಿ ಇಳಿಸಂಗಿಲ್ಲ. ಕಾಲೇಜ್ ಕೋಚ್‌ಗೂ ಬೆಳೆಯೋ ಹುಡುಗ ಬೇಕು, ಒಣಗಿದ ಹುಡುಗ ಅಲ್ಲ. ನಮ್ಮನೇಲಿ ಸಸ್ಯಾಹಾರ, ಅವಳಿಗೆ ಕಾಳು, ಪನೀರ್, ಮೊಸರು, ರಾಗಿಮುದ್ದೆ, ತೊಂದರೆ ಏನಿಲ್ಲ. ಮುದ್ದೆ ಮಾತ್ರ ಟೂರ್ನಮೆಂಟ್ ದಿನ ಬೇಡ.

ಎಡಿಸನ್ ಅಪ್ಪ

ನಮ್ಮೋನು ಮುದ್ದೆ ಮುಟ್ಟಲ್ಲ, ಆ ಚಿಂತೆ ಇಲ್ಲ 😀 ಹಾಗಾದ್ರೆ ರಟ್ಗರ್ಸ್ ಆಸೆ ಬಿಡ್ಬೇಕಾ?

ಲೀಹೈ ಕಣಿವೆ

ಬಿಡ್ಬೇಡಿ, ಆದ್ರೆ ಅದೊಂದನ್ನೇ ಹಿಡ್ಕೋಬೇಡಿ. ಜೆರ್ಸಿಯಲ್ಲೇ ಲಾರೆನ್ಸ್‌ವಿಲ್ಲಲ್ಲಿ ರೈಡರ್ ಇದೆ, ಡಿವಿಷನ್ ಒನ್, ಜೆರ್ಸಿ ಪೆನ್ಸಿಲ್ವೇನಿಯಾ ಹುಡುಗರನ್ನ ನೆಚ್ಕೊಂಡಿರೋ ಟೀಮು. ಡಿವಿಷನ್ ಥ್ರೀಲಿ ಯೂಯಿಂಗಿನ ಟಿಸಿಎನ್‌ಜೆ, ಹೊಬೋಕೆನ್ನಿನ ಸ್ಟೀವನ್ಸ್ ಇನ್‌ಸ್ಟಿಟ್ಯೂಟ್, ಸ್ವಲ್ಪ ದೂರ ಹೋದ್ರೆ ಜಾನ್ಸ್ ಹಾಪ್ಕಿನ್ಸ್, ಎನ್‌ವೈಯು. ಇವೆಲ್ಲ ಓದಿಗೆ ನಮ್ಮೋರು ತಾವಾಗೇ ಅಪ್ಲೈ ಮಾಡೋ ಕಾಲೇಜುಗಳು, ರೆಸ್ಲಿಂಗ್ ಟೀಮ್ ಇದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ, ಮೆರಿಟ್ ಏಡ್ ಇದೆ, ಕೋಚ್ ಬೆಂಬಲ ಇದ್ರೆ ಅಡ್ಮಿಷನ್ನಿಗೆ ಅನುಕೂಲ. ರೀಜನ್ ತನಕ ಹೋದ, ಕೆಮಿಸ್ಟ್ರಿಲಿ ಎ ತಗೊಂಡ ಸೋಫೋಮೋರ್ ಅಂದ್ರೆ ಸ್ಟೀವನ್ಸ್ ತರದ ಕಡೆ ಕೋಚ್ ಕುರ್ಚಿ ಎಳೆದು ಕೂರಿಸ್ತಾರೆ.

ಟೀಮ್ ಗಟ್ಟಿ ಇದ್ಯಾ ಅದನ್ನೂ ವಿಚಾರಿಸಿ. ಸ್ಟ್ಯಾನ್‌ಫರ್ಡಿನಂಥ ಶ್ರೀಮಂತ ಕಾಲೇಜೇ 2020ರಲ್ಲಿ ರೆಸ್ಲಿಂಗ್ ಸೇರಿ 11 ಆಟ ನಿಲ್ಲಿಸ್ತೀವಿ ಅಂದಿತ್ತು, ಮುಂದಿನ ವರ್ಷ ಶೇನ್ ಗ್ರಿಫಿತ್ ಕಾಲೇಜ್ ಹೆಸರಿಲ್ಲದ ಕಪ್ಪು ಸಿಂಗ್ಲೆಟ್ (ರೆಸ್ಲಿಂಗ್ ಉಡುಪು) ಹಾಕ್ಕೊಂಡು ನ್ಯಾಷನಲ್ ಚಾಂಪಿಯನ್ ಆದ, ಹಳೇ ವಿದ್ಯಾರ್ಥಿಗಳು ಗಲಾಟೆ ಮಾಡಿ ಉಳಿಸ್ಕೊಂಡ್ರು. ಎಲ್ಲಾ ಕಡೆ ಹಾಗೆ ಉಳಿಯಲ್ಲ.

ಎಡಿಸನ್ ಅಪ್ಪ

ಸರಿ ಸಾರ್. ಇಮೇಲ್ ನಾನು ಬರೀಲಾ ಅವನೇ ಬರೀಬೇಕಾ?

ಲೀಹೈ ಕಣಿವೆ

ಅವನೇ. ಅಪ್ಪ ಬರೆದ ಇಮೇಲ್ ಅಂತ ಕೋಚ್‌ಗೆ ಮೊದಲ ಸಾಲಲ್ಲೇ ಗೊತ್ತಾಗತ್ತೆ, ಅಲ್ಲಿಗೆ ಮುಗೀತು. ಐದಾರು ಸಾಲು ಸಾಕು: ಹೆಸರು, ಸ್ಕೂಲು, ಯಾವ ವರ್ಷ ಪಾಸಾಗೋದು, ಈಗಿನ ತೂಕ, ಎತ್ತರ, ಜಿಪಿಎ, ಏನು ಓದೋ ಆಸೆ, ಹೈಸ್ಕೂಲ್ ಕೋಚ್ ಮತ್ತು ಕ್ಲಬ್ ಕೋಚ್ ಫೋನ್ ನಂಬರ್. ಜೊತೆಗೆ ಎರಡು ಮ್ಯಾಚ್ ವಿಡಿಯೋ ಲಿಂಕು, ಹಾಡು ಹಾಕಿ ಕತ್ತರಿಸಿದ ಹೈಲೈಟ್ಸ್ ಬೇಡ, ಪೂರ್ತಿ ಆರು ನಿಮಿಷದ ಮ್ಯಾಚ್. ಒಂದು ಗೆದ್ದಿದ್ದು, ಒಂದು ಒಳ್ಳೇ ಹುಡುಗನ ಹತ್ರ ಕಮ್ಮಿ ಅಂತರದಲ್ಲಿ ಸೋತಿದ್ದು.

ಎಡಿಸನ್ ಅಪ್ಪ

ಸೋತಿದ್ದೂ ಹಾಕ್ಬೇಕಾ?

ಲೀಹೈ ಕಣಿವೆ

ಅದನ್ನೇ ಮೊದಲು ನೋಡ್ತಾರೆ. ಕೊನೇ ಪೀರಿಯಡಲ್ಲಿ ಕೆಳಗಿಂದ ಎದ್ದಿರೋ ಮ್ಯಾಚ್ ಯಾವುದಾದ್ರೂ ಇದ್ರೆ ಅದು ಹಾಕಿ. ವಿಡಿಯೋ ತೆಗೀವಾಗ ಮಾತ್ರ ನೀವು ಕೂಗಾಡ್ಬೇಡಿ, ಆಡಿಯೋ ಅವರಿಗೂ ಕೇಳತ್ತೆ.